ಎಣ್ಣೆ ಬುಡು

ನಮ್ಮ ಮನೆಯ ಹಿಂದುಗಡೆ ಮನೆಯ ಆಂಟಿ ಹೋದ ತಿಂಗಳು ತೀರಿಕೊಂಡರು. ಅವರ ಬಗ್ಗೆ ಒಳ್ಳೆಯ ಮಾತು ಹೇಳುವವರು ಮಾರೇನಹಳ್ಳಿಯ ನಮ್ಮ ಕ್ರಾಸಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅವರ ಮೇಲೆ ಐದು ವರ್ಷ ಹೊಟ್ಟೆಕಿಚ್ಚು ಪಟ್ಟವಳು. ಹೊಟ್ಟೆಕಿಚ್ಚು ಪಡುವವರು ಚೆನ್ನಾಗಿ ಗಮನಿಸುತ್ತಾರೆ. ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಯಾರ ತಲೆ ಮುಟ್ಟಿದರೂ ಅವರು ಆ ತಲೆಯನ್ನು ನೋಡುತ್ತಿರಲಿಲ್ಲ, ಎದುರಿನ ಕಾಂಪೌಂಡ್ ಗೋಡೆ ನೋಡುತ್ತಿದ್ದರು. ಇಂಥವೆಲ್ಲ ಅವರನ್ನು ಪ್ರೀತಿಸಿದವರಿಗಿಂತ ನನಗೇ ಹೆಚ್ಚು ನೆನಪಿವೆ.

ಅವರು ಮಾಡುತ್ತಿದ್ದ ಕೆಲಸಕ್ಕೆ ಒಂದು ಹೆಸರಿಲ್ಲ. ಡಾಕ್ಟರಲ್ಲ, ಪಾರ್ಲರ್ ಇಟ್ಟವರಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. ಮಂಗಳವಾರ, ಶುಕ್ರವಾರ ಸಂಜೆ ನಾಲ್ಕರ ಮೇಲೆ ತಮ್ಮ ಹಿತ್ತಿಲ ಕಲ್ಲುಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು, ಕೆಳಗಿನ ಮೆಟ್ಟಿಲಲ್ಲಿ ಕೂತು, ಬೆನ್ನು ಕೊಟ್ಟು ತಲೆ ಒಪ್ಪಿಸುತ್ತಿದ್ದರು. ಅವರ ಹಿತ್ತಿಲಿಗೂ ನಮಗೂ ನಡುವೆ ಒಂದೇ ಗೋಡೆ. ನನ್ನ ಕೋಣೆ ಮೊದಲ ಮಹಡಿಯಲ್ಲಿ. ರಾಜಾಜಿನಗರದ ಒಂದು ಪ್ರಕಾಶನ ಸಂಸ್ಥೆಗೆ ನಾನು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ, ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಹಾಗಾಗಿ ಕಿಟಕಿಯಲ್ಲಿ ಆ ಮೆಟ್ಟಿಲು ಯಾವಾಗಲೂ ಕಾಣುತ್ತಿತ್ತು.

ಎಣ್ಣೆಯ ಬಟ್ಟಲು ಪಕ್ಕದಲ್ಲಿದ್ದರೂ ಅವರು ಮೊದಲು ಒಣಬೆರಳಲ್ಲೇ ತಲೆ ಮುಟ್ಟುತ್ತಿದ್ದರು. ಹತ್ತೂ ಬೆರಳನ್ನು ನೆತ್ತಿಯ ಸುತ್ತ ಊರಿ ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದರು. ಆಮೇಲೆ ಬೆರಳು ಇದ್ದಲ್ಲೇ ಇರುತ್ತಿತ್ತು, ಅದರ ಕೆಳಗಿನ ಚರ್ಮ ಮಾತ್ರ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ಹೊಸದಾಗಿ ಬಂದವರು ಯಾಕೆ ನೋಡುತ್ತಿಲ್ಲ ಎಂದು ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ಒಂದೇ: "ಕಣ್ಣು ಕೂದ್ಲು ನೋಡ್ತೈತೆ ಕಣವ್ವಾ, ಬೆರಳು ಬುಡ ನೋಡ್ತೈತೆ."

ಅವರಿಗೆ ಕೂದಲಿನ ಉದ್ದ, ಬಣ್ಣ, ಹೊಳಪು ಯಾವುದೂ ಬೇಕಾಗಿರಲಿಲ್ಲ. ಬುಡ ಒಂದೇ. ಬಂದವರು ತಮ್ಮ ತಮ್ಮ ಬಾಚಣಿಗೆ ತರಬೇಕಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಹಲ್ಲುಗಳ ಮಧ್ಯೆ ಕೊಳೆ ಇದ್ದರೆ ಮಾತಿಲ್ಲದೆ ಪಕ್ಕದ ಸೋಪಿನ ನೀರಿನ ಬಕೆಟ್ಟಿಗೆ ಎಸೆಯುತ್ತಿದ್ದರು. ದಿಂಬಿನ ಕವರು ಯಾವಾಗ ಒಗೆದದ್ದು ಎಂದು ಎಲ್ಲರ ಎದುರಿಗೇ ಕೇಳುತ್ತಿದ್ದರು. ಒದ್ದೆ ಕೂದಲನ್ನು ಗಂಟು ಹಾಕಿಕೊಂಡು ಬಂದವರನ್ನು ಒಣಗಿಸಿಕೊಂಡು ಬಾ ಎಂದು ವಾಪಸ್ ಕಳಿಸುತ್ತಿದ್ದರು.

ಒಮ್ಮೆ ಹಿಂದಿನ ರಸ್ತೆಯ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ನೋಡಿ ಒಂದು ವಾರ ತಲೆಗೆ ಈರುಳ್ಳಿ ರಸ ಹಚ್ಚಿಕೊಂಡು, ಚರ್ಮವೆಲ್ಲ ಉರಿ ಎಂದು ಬಂದಳು. ಅವರು ಮೂಸಿ ನೋಡಿ, "ತಲೆಗೆ ಒಗ್ಗರಣೆ ಹಾಕ್ಕೊಂಡಿದೀಯಲ್ಲವ್ವಾ, ಕರಿಬೇವು ಮರ್ತೋಯ್ತಾ?" ಎಂದರು. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಆ ಹುಡುಗಿಯೂ ನಕ್ಕಳು. ಕೋಣೆಯ ಕಿಟಕಿಯಲ್ಲಿ ನಾನೂ ನಕ್ಕು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಇನ್ನೊಂದು ಸಲ ಪಕ್ಕದ ಪೀಜಿಯ ಯುವಕನೊಬ್ಬ ಹೆಲ್ಮೆಟ್ ಕೈಯಲ್ಲಿ ಹಿಡಿದು ಗೇಟಿನಲ್ಲಿ ನಿಂತು, ಹಣೆ ಮೇಲೆ ಮೇಲೆ ಹೋಗುತ್ತಿದೆ, ಏನಾದರೂ ಎಣ್ಣೆ ಕೊಡಿ ಆಂಟಿ ಎಂದು ಕೇಳಿದ. ನಿಮ್ಮಪ್ಪನ ತಲೆ ಹೇಗಿದೆ ಎಂದು ವಿಚಾರಿಸಿದರು. ಬೋಳು ಎಂದ. ಅಜ್ಜನದು? ಅದೂ ಬೋಳು. "ಅಂಗಾರೆ ನನ್ನತ್ರ ಯಾಕೆ ಬಂದೆ ಗುರುವೇ, ಚರ್ಮದ ಡಾಕ್ಟ್ರತ್ರ ಓಡು. ಇರೋದ್ನ ಉಳಿಸ್ಕೋ, ಹೋಗಿದ್ದುಕ್ಕೆ ಎಣ್ಣೆ ಹಚ್ಚಿದ್ರೆ ಹಣೆ ಮಿಂಚ್ತೈತೆ ಅಷ್ಟೆ."

ಅವರದೇ ನೆತ್ತಿಯಲ್ಲಿ ಕೂದಲಿರಲಿಲ್ಲ. ಅಂಗೈಯಗಲದ ಜಾಗ ನುಣ್ಣಗೆ, ತೊಳೆದಿಟ್ಟ ತಟ್ಟೆಯ ಹಾಗಿತ್ತು. ಸುತ್ತಲಿನ ಕೂದಲಿಗೆ ಚೌರಿ ಸೇರಿಸಿ ಸಡಿಲವಾಗಿ ತುರುಬು ಕಟ್ಟುತ್ತಿದ್ದರು. ಹೊಸಬರ ಕಣ್ಣು ಅಲ್ಲಿಗೆ ಹೋದರೆ ತಾವೇ ತಲೆ ಬಗ್ಗಿಸಿ ತೋರಿಸುತ್ತಿದ್ದರು. ಹುಡುಗಿಯಾಗಿದ್ದಾಗ ಅವರು ಹೆಗ್ಗನಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಸೊಪ್ಪಿನ ಮಂಕರಿ ಹೊತ್ತು ಪೇಟೆಗೆ ನಡೆದವರು. ಮಂಕರಿಯ ಕೆಳಗೆ ಬಟ್ಟೆ ಸುತ್ತಿದ ಸಿಂಬೆ. ಅದು ವರ್ಷಗಟ್ಟಲೆ ನೆತ್ತಿಯ ಒಂದೇ ಜಾಗವನ್ನು ತಿಕ್ಕಿತ್ತು. ಮದುವೆಯಾಗಿ ಮಾರೇನಹಳ್ಳಿಗೆ ಬಂದ ಮೇಲೂ ಹೊರುವುದು ತಪ್ಪಲಿಲ್ಲ. ಹೊಲ ಲೇಔಟ್ ಆಗಿ ಮಂಕರಿ ಕೆಳಗಿಳಿದಾಗ ಆ ಜಾಗದಲ್ಲಿ ಮತ್ತೆ ಏನೂ ಬೆಳೆಯಲಿಲ್ಲ. "ನೆಲ ಬೋ ಚಂದಾಗಿತ್ತು. ಮ್ಯಾಲೆ ಭಾರ ಇಟ್ಟು ಇಟ್ಟು ಬುಡಾನೇ ಸತ್ತೋಯ್ತು" ಎನ್ನುತ್ತಿದ್ದರು. ಅದನ್ನು ಹೇಳುವಾಗ ದನಿಯಲ್ಲಿ ದುಃಖವಿರುತ್ತಿರಲಿಲ್ಲ. ಮಾರಿಹೋದ ಜಮೀನಿನ ಗಡಿ ತೋರಿಸುವವರ ಹಾಗೆ ಬೆರಳಿಟ್ಟು ತೋರಿಸುತ್ತಿದ್ದರು.

ಇಷ್ಟೇ ಆಗಿದ್ದರೆ ನನಗೂ ಅವರು ಇಷ್ಟವಾಗುತ್ತಿದ್ದರು.

ಐದು ವರ್ಷದ ಹಿಂದೆ ಅಮ್ಮನಿಗೆ ಡೆಂಗಿ ಬಂತು. ಅಮ್ಮ ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಾತು ಕಡಿಮೆ, ಅದರಲ್ಲಿ ನಾನು ಅವಳ ಮಗಳೇ. ಜ್ವರ ಬಿಟ್ಟು, ಅವಳು ಶಾಲೆಗೆ ಹೋಗಲು ಶುರು ಮಾಡಿ, ಎಲ್ಲ ಸರಿಯಾಯಿತು ಎನ್ನುವಾಗ ಕೂದಲು ಉದುರಲು ಹಿಡಿಯಿತು. ಬಾಚಿದರೆ ಕೈತುಂಬ, ಬಚ್ಚಲ ಜಾಲರಿಯಲ್ಲಿ ಮುಷ್ಟಿ ಮುಷ್ಟಿ. ನಾನು ನನ್ನ ರೀತಿಯಲ್ಲಿ ಆ ಕೆಲಸಕ್ಕೆ ಕೂತೆ. ಓದಿದೆ, ಗುರುತು ಹಾಕಿದೆ, ನಾಲ್ಕು ಪುಟ ಮುದ್ರಿಸಿ ಅವಳ ಮೇಜಿನ ಮೇಲಿಟ್ಟೆ. ದೊಡ್ಡ ಜ್ವರವಾದ ಎರಡು ಮೂರು ತಿಂಗಳಿಗೆ ಹೀಗೆ ಉದುರುವುದು ಸಾಮಾನ್ಯ, ಬುಡ ಸತ್ತಿರುವುದಿಲ್ಲ, ತಾನೇ ಬರುತ್ತದೆ, ಆದರೂ ರಕ್ತದಲ್ಲಿ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿಬಿಡೋಣ ಎಂದೆ. ಅಮ್ಮ ಪುಟಗಳನ್ನು ಮಡಚಿ ಪಠ್ಯಪುಸ್ತಕದೊಳಗಿಟ್ಟು, ಸರಿ ಎಂದಳು.

ಆ ಶುಕ್ರವಾರ ಕಿಟಕಿಯಲ್ಲಿ ನೋಡಿದರೆ ಕೆಳಗಿನ ಮೆಟ್ಟಿಲಲ್ಲಿ ಅಮ್ಮ ಕೂತಿದ್ದಳು. ತಲೆ ಅವರ ಎರಡು ಕೈಗಳ ನಡುವೆ ಇತ್ತು. ಕಣ್ಣು ಮುಚ್ಚಿದ್ದಳು. ನನ್ನಮ್ಮ ಬಸ್ಸಿನಲ್ಲಿ ಸೀಟು ಸಿಕ್ಕರೂ ಕಣ್ಣು ಮುಚ್ಚುವವಳಲ್ಲ.

ಮನೆಗೆ ಬಂದಾಗ ಅವಳ ಮುಖ ಹಗುರಾಗಿತ್ತು. ಅಡಿಗೆಮನೆಯಲ್ಲಿ ತಾನಾಗಿ ಮಾತು ತೆಗೆದು, ಅಕ್ಕ ಏನಂದರು ಗೊತ್ತಾ ಎಂದು ಹೇಳಿದಳು. ಅವರು ಹೇಳಿದ್ದು: "ಜ್ವರ ಈಗ ಕೂದ್ಲಿಂದ ಇಳೀತೈತೆ ಟೀಚರಮ್ಮ. ಇಳೀಲಿ ಬುಡು. ಬುಡ ಗಟ್ಟಿ ಐತೆ." ನಾಲ್ಕು ಪುಟದಲ್ಲಿ ನಾನು ಹೇಳಿದ್ದೂ ಅದನ್ನೇ. ನಾನು ಹೇಳಿದಾಗ ಅದು ಮಾಹಿತಿ, ಅವರು ಹೇಳಿದಾಗ ಸಮಾಧಾನ.

ಅಂದಿನಿಂದ ಮಂಗಳವಾರ, ಶುಕ್ರವಾರ ಅಮ್ಮ ಶಾಲೆಯಿಂದ ಬಂದು ಕಾಫಿಯನ್ನೂ ಕುಡಿಯದೆ ಹಿಂದಿನ ಮನೆಗೆ ಹೋಗತೊಡಗಿದಳು. ಆರು ತಿಂಗಳಲ್ಲಿ ಹಣೆಯಂಚಿಗೆ ಮರಿಕೂದಲು ಎದ್ದಿತು. ಆಮೇಲೂ ಹೋಗುವುದು ನಿಲ್ಲಲಿಲ್ಲ. ಅಲ್ಲಿ ಅವಳು ಗಟ್ಟಿಯಾಗಿ ನಗುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ನಾನು ತಿದ್ದುತ್ತಿದ್ದ ಸಾಲನ್ನು ಎರಡು ಸಲ ಓದುತ್ತಿದ್ದೆ. ನನಗೆ ಏನು ಬೇಕಿತ್ತು ಎಂದು ಆಗ ಯಾರಾದರೂ ಕೇಳಿದ್ದರೆ ಏನೂ ಬೇಡ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಮೆಟ್ಟಿಲ ಮೇಲೆ ನನಗೆ ಜಾಗ ಬೇಕಿತ್ತು. ಅಮ್ಮನ ತಲೆ ನನ್ನ ಕೈಯಲ್ಲಿರಬೇಕು, ಇಲ್ಲವೇ ನನ್ನ ತಲೆ ಅಮ್ಮನ ಕೈಯಲ್ಲಿರಬೇಕು. ಎರಡರಲ್ಲಿ ಯಾವುದಾದರೂ ಆಗುತ್ತಿತ್ತು. ಅಮ್ಮ ಕೊನೆಯ ಸಲ ನನ್ನ ತಲೆ ಮುಟ್ಟಿದ್ದು ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಆಮೇಲೆ ನನ್ನ ಜಡೆ ನಾನೇ ಹಾಕಿಕೊಂಡೆ.

ಒಂದು ಶುಕ್ರವಾರ ಅಮ್ಮ ಬಾಚಣಿಗೆ ಮರೆತು ಹೋಗಿದ್ದಳು. ನಾನು ತೆಗೆದುಕೊಂಡು ಹೋದೆ. ಬಾಚಣಿಗೆ ಕೊಡಲು ಬಗ್ಗಿದಾಗ ಅವರು ಕೇಳದೇ ಕೈಚಾಚಿ ನನ್ನ ಕಿವಿಯ ಮೇಲೆ ಬೆರಳಿಟ್ಟರು. ಅಲ್ಲಿ ನನ್ನ ಕೂದಲು ತೆಳು. ಎರಡು ಜಡೆ ಮಡಚಿ ರಿಬ್ಬನ್ ಕಟ್ಟುತ್ತಿದ್ದ ಕಾಲದಿಂದಲೂ ತೆಳು.

"ಇಷ್ಟು ಬಿಗಿ ಎಳ್ದು ಹೆಣೀತಿದ್ದೋರು ಯಾರು?"

"ಅಮ್ಮ" ಎಂದೆ. ಆ ಮಾತು ಎಲ್ಲಿ ತಾಗುತ್ತದೆ ಎಂದು ತಿಳಿದೇ ಹೇಳಿದೆ. ಅಮ್ಮ ಬಾಚಣಿಗೆಯ ಹಲ್ಲು ಎಣಿಸುವವಳಂತೆ ಅದನ್ನೇ ನೋಡುತ್ತಿದ್ದಳು.

ಅವರಿಗೆ ಅರ್ಥವಾಯಿತು. "ಆಗ ಎಲ್ರೂ ಅಂಗೇ ಹಾಕ್ತಿದ್ರು. ಕೂದ್ಲು ಆರಾಡಿದ್ರೆ ಸ್ಕೂಲ್ನೋರು ಬುಡ್ತಾರಾ? ಟೀಚರಮ್ಮನ ಮಗ್ಳು ಬ್ಯಾರೆ" ಎಂದು ಅಮ್ಮನ ಪರ ವಹಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೊ ಬಾ, ವಸಿ ನೋಡ್ತೀನಿ. ನಿನ್ ತಲೆ ಬೋ ಬಿಗಿ ಕಣವ್ವಾ" ಎಂದರು. ನನಗೆ ಕೆಲಸವಿದೆ ಆಂಟಿ ಎಂದು ಬಂದುಬಿಟ್ಟೆ. ಅಮ್ಮನನ್ನು ನನ್ನಿಂದ ಕಾಪಾಡುವ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದು ನನಗೆ ಸಹಿಸಲಾಗಲಿಲ್ಲ.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಅಮ್ಮನ ತಲೆಯಲ್ಲಿ ಹೊಟ್ಟು ಕಾಣಿಸಿಕೊಂಡಿತು. ಮೊದಲು ಸೀರೆಯ ಭುಜದ ಮೇಲೆ ಬಿಳಿ ಪುಡಿ, ಆಮೇಲೆ ಕಿವಿಯ ಹಿಂದೆ ಪದರ ಪದರ. ಕೆರೆತ. ಮತ್ತೆ ಕೂದಲು ಉದುರುವುದು. ಒಂದು ಬೆಳಿಗ್ಗೆ ಹಾಲು ತರಲು ಹೋಗುವಾಗ ಅವರು ಗೇಟಿನಲ್ಲಿ ಸಿಕ್ಕರು. ಅಮ್ಮನ ತಲೆಗೆ ಏನು ಮಾಡುವುದು ಆಂಟಿ ಎಂದು ನಾನೇ ಕೇಳಿದೆ. ಕೇಳಲು ನನಗೆ ಎಷ್ಟು ಕಷ್ಟವಾಯಿತು ಎಂಬುದು ಅವರಿಗೆ ತಿಳಿದಿರಲಾರದು.

"ಒಂದ್ ತಿಂಗ್ಳು ಎಣ್ಣೆ ಬುಡವ್ವಾ, ಆಮೇಲ್ ನೋಡಾನ" ಎಂದು ಅವರು ಗಡಿಬಿಡಿಯಲ್ಲಿ ಹೊರಟುಹೋದರು.

ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಬರುವಾಗ ನನಗೆ ಕುಣಿಯುವಂತಾಗಿತ್ತು. ಒಂದು ತಿಂಗಳು ಎಣ್ಣೆ ಬಿಡು. ನಾನೇ ಬಿಡುತ್ತೇನೆ ಎನ್ನಲಿಲ್ಲ, ನೀನು ಬಿಡು ಎಂದರು. ಕೆಲಸವನ್ನು ನನಗೆ ಒಪ್ಪಿಸಿದ್ದರು.

ಅಂದು ಸಂಜೆಯೇ ಶುರು ಮಾಡಿದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಸಮಸಮ ಬೆರೆಸಿ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ, ಅಮ್ಮನನ್ನು ಕರೆದೆ. ಅಮ್ಮ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು. ಒಂದು ಕ್ಷಣ ಏನೋ ಹೇಳುವವಳಂತೆ ನಿಂತು, ಆಮೇಲೆ ಬಂದು ನಾನು ಕೂತಿದ್ದ ದಿವಾನದ ಕೆಳಗೆ ನೆಲದ ಮೇಲೆ ಕೂತು ಬೆನ್ನು ಕೊಟ್ಟಳು. ಹಾಗೆ ದಿನಾ ಸಂಜೆ. ನಾನು ಒಂದು ದಿನವೂ ತಪ್ಪಿಸಲಿಲ್ಲ. ಬೈತಲೆ ಬೈತಲೆ ತೆಗೆದು, ಒಂದು ಗೆರೆಯೂ ಬಿಟ್ಟುಹೋಗದ ಹಾಗೆ ಹಚ್ಚಿದೆ. ಮಾತಿರುತ್ತಿರಲಿಲ್ಲ. ಆದರೆ ನಾಲ್ಕನೆಯ ದಿನವೋ ಐದನೆಯ ದಿನವೋ ಅವಳ ತಲೆಯ ಭಾರ ನನ್ನ ಮೊಣಕಾಲ ಮೇಲೆ ಬಂದು ನಿಂತಿತು. ಆ ವಾರ ಮಂಗಳವಾರ ಅವಳು ಹಿಂದಿನ ಮನೆಗೆ ಹೋಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆ ಪದವನ್ನೇ ಅಂದುಕೊಂಡೆ.

ಎರಡನೆಯ ವಾರಕ್ಕೆ ಚರ್ಮ ಕೆಂಪಾಗಿತ್ತು. ಹೊಟ್ಟು ಪುಡಿಯಾಗಿ ಉದುರುವ ಬದಲು ಹಳದಿಯಾಗಿ ಅಂಟಿಕೊಂಡಿತ್ತು. ಒಣಗಿದೆ ಎಂದುಕೊಂಡು ನಾನು ಎಣ್ಣೆ ಹೆಚ್ಚಿಸಿದೆ. ಹೇಗಿದೆ ಎಂದು ಕೇಳಿದರೆ ಅಮ್ಮ ಪರವಾಗಿಲ್ಲ ಎನ್ನುತ್ತಿದ್ದಳು. ಮೂರನೆಯ ವಾರದಲ್ಲಿ ಒಂದು ದಿನ ತೊಳೆಯಲು ಅವಳ ಊಟದ ಚೀಲ ಬರಿದು ಮಾಡಿದಾಗ ತಳದಲ್ಲಿ ಒಂದು ಕಾಗದದ ಪೊಟ್ಟಣ ಸಿಕ್ಕಿತು. ಯಾವುದೋ ಮಗುವಿನ ಬೀಜಗಣಿತದ ಹಾಳೆ. ಬಿಚ್ಚಿದರೆ ಒಳಗೆ ಕೂದಲು. ಬೆಳಿಗ್ಗೆ ಬಾಚಿದ್ದನ್ನು ನನಗೆ ಕಾಣದ ಹಾಗೆ ಸುತ್ತಿ, ಶಾಲೆಯ ಕಸದ ಬುಟ್ಟಿಗೆ ಹಾಕಲು ಒಯ್ಯುತ್ತಿದ್ದಳು. ಅಂದು ಮರೆತಿದ್ದಳು.

ಪೊಟ್ಟಣವನ್ನು ಹಿಡಿದೇ ನಾನು ಹಿಂದಿನ ಮನೆಗೆ ಹೋದೆ. ಅವರು ಮೆಟ್ಟಿಲ ಮೇಲೆ ಒಬ್ಬರೇ ಕೂತು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ನಾನು ಯಾರ ಜೊತೆಗೂ ಜೋರಾಗಿ ಮಾತಾಡುವವಳಲ್ಲ. ಅಂದು ಮಾತಾಡಿದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕಿತ್ತು, ಜನರ ತಲೆ ಹಾಳು ಮಾಡಬಾರದು ಎಂದೆ.

"ನಾನೇನ್ ಮಾಡ್ದೆ?"

"ನೀವೇ ಹೇಳಿದ್ರಲ್ಲ, ಒಂದು ತಿಂಗಳು ಎಣ್ಣೆ ಬಿಡು ಅಂತ."

"ಊಂ. ಬುಡು ಅಂದೆ."

"ದಿನಾ ಬಿಟ್ಟಿದೀನಿ. ನೋಡಿ ಇದನ್ನ."

ಅವರು ಕೂದಲಿನ ಪೊಟ್ಟಣವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೈಯಲ್ಲಿದ್ದ ದಂಟು ಮೊರಕ್ಕೆ ಬಿತ್ತು. "ಅಯ್ಯೋ ನನ್ನವ್ವಾ, ನಾನಂದಿದ್ದಕ್ಕೇ ಹಚ್ತಿದ್ಯಾ? ಬುಡು ಅಂದೆ ಕಣೇ. ಹಾಕು ಅಂದ್ನಾ? ಎಣ್ಣೆ ಬುಡು, ನಿಲ್ಸು ಅಂತ. ಆ ಹೊಟ್ಟು ಎಣ್ಣೆ ತಿಂದೇ ಬೆಳೆಯೋದು."

ದೀಪಕ್ಕೆ ಎಣ್ಣೆ ಬಿಡು ಎಂದರೆ ಹಾಕು. ಕಾಫಿ ಬಿಡು ಎಂದರೆ ನಿಲ್ಲಿಸು. ಪದ ಒಂದೇ. ಇಂಥ ಕಡೆ ಬರೆದವರಿಗೆ ಪ್ರಶ್ನೆ ಹಾಕಿ, ಅಂಚಿನಲ್ಲಿ ಗುರುತು ಮಾಡಿ, ಯಾವ ಅರ್ಥ ಎಂದು ಕೇಳಿಯೇ ಮುಂದೆ ಹೋಗುವುದು ನನ್ನ ಕೆಲಸ. ಅಂದು ಗೇಟಿನಲ್ಲಿ ನಾನು ಕೇಳಲಿಲ್ಲ, ಯಾಕೆಂದರೆ ನನಗೆ ಬೇಕಾದ ಅರ್ಥವೇ ಸಿಕ್ಕಿಬಿಟ್ಟಿತ್ತು.

ಆದರೆ ಅಮ್ಮ? ಎಣ್ಣೆ ಕೂಡದು ಎಂದು ಅವಳಿಗಾದರೂ ಗೊತ್ತಿರಲಿಲ್ಲವೇ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಗೋಡೆ ನೋಡಿದರು. "ಅವ್ಳಿಗೂ ಹೇಳಿದ್ದೆ. ನಿನ್ಗೆ ಹೇಳಾಕೆ ಮುಂಚೇನೇ. ನೀನು ಹಚ್ತಾ ಇದೀಯ ಅಂತ ಮೊನ್ನೆ ರಸ್ತೇಲಿ ಸಿಕ್ದಾಗ ಗೊತ್ತಾಗಿ ಬಯ್ದೆ. 'ಅವಳಾಗೇ ಬಂದು ಕೂತಿದಾಳೆ ಅಕ್ಕ, ಬೇಡ ಅಂದ್ರೆ ಇನ್ನೊಂದ್ಸಲ ಬರಲ್ಲ' ಅಂದ್ಲು." ಮತ್ತೆ ದಂಟು ಎತ್ತಿಕೊಂಡು ಮೆಲ್ಲಗೆ, "ಸ್ಕೂಲಲ್ಲಿರೋವಾಗ ಏನೋ ಅಂದಿದ್ಯಂತೆ ನೀನು. ನಿನ್ ಕೈಲಿ ಬ್ಯಾಡ, ನೋಯ್ತೈತೆ ಅಂತ."

ಅಂದಿದ್ದೆ. ಒಂಬತ್ತನೇ ಕ್ಲಾಸಿನ ಒಂದು ಬೆಳಿಗ್ಗೆ, ಕನ್ನಡಿಯ ಮುಂದೆ, ಬಾಚಣಿಗೆ ಕಿತ್ತುಕೊಂಡು ಅಂದಿದ್ದೆ. ನಾನು ಮರೆತಿದ್ದೆ. ಅಮ್ಮ ಕೈ ಹಿಂದೆ ತೆಗೆದುಕೊಂಡವಳು ಮತ್ತೆ ಚಾಚಿರಲಿಲ್ಲ.

ಇಷ್ಟು ಕೇಳಿದ ಮೇಲೆ ನನಗೆ ಅವರ ಮೇಲಿನ ಹೊಟ್ಟೆಕಿಚ್ಚು ಹೋಗಬೇಕಿತ್ತು. ಹೋಗಲಿಲ್ಲ, ಹೆಚ್ಚಾಯಿತು. ಅಮ್ಮ ನನ್ನ ಬಗ್ಗೆ ಇಷ್ಟು ಮಾತಾಡಿದ್ದಳು. ನನಗಾಗಿ ತಲೆ ಕೆಂಪು ಮಾಡಿಕೊಂಡು ಕೂತಿದ್ದಳು. ಅದನ್ನು ನನಗೆ ಹೇಳಿರಲಿಲ್ಲ. ಅದನ್ನೂ ಅವರಿಗೇ ಹೇಳಿದ್ದಳು.

ಮರುದಿನ ಅತ್ತಿಗುಪ್ಪೆಯ ಚರ್ಮದ ಡಾಕ್ಟರ ಹತ್ತಿರ ಮೂವರೂ ಹೋದೆವು. ಹೋಗಲೇಬೇಕು ಎಂದು ಹಟ ಹಿಡಿದವರು ಅವರೇ. ಕಾಯುವ ಬೆಂಚಿನಲ್ಲಿ ನಾನು ಅಮ್ಮನ ಪಕ್ಕ ಕೂರುವ ಮೊದಲೇ ಅವರು ಮಧ್ಯದಲ್ಲಿ ಕೂತರು. ಡಾಕ್ಟರು ಹೇಳಿದ್ದು ಸರಳವಾಗಿತ್ತು. ಎಣ್ಣೆ ಪೂರ್ತಿ ನಿಲ್ಲಿಸಿ. ಔಷಧಿಯ ಶಾಂಪೂ ವಾರಕ್ಕೆ ಎರಡು ಸಲ, ಹಚ್ಚಿದ ತಕ್ಷಣ ತೊಳೆಯದೆ ಐದು ನಿಮಿಷ ಬಿಟ್ಟು ತೊಳೆಯಿರಿ. ಉಗುರಿನಿಂದ ಕೆರೆಯಬೇಡಿ. ಎಣ್ಣೆ ಹಾಕಿದವರು ಯಾರು ಎಂದು ಡಾಕ್ಟರು ಕೇಳಿದಾಗ, ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಮನೆಯವರು, "ನಾನೇ ಸಾರ್. ಹಳೇ ಕಾಲದೋಳು, ಗೊತ್ತಾಗ್ಲಿಲ್ಲ" ಎಂದರು. ಡಾಕ್ಟರು ಇಂಥ ಮನೆಮದ್ದಿನಿಂದಲೇ ಅರ್ಧ ಜನ ತಲೆ ಕೆಡಿಸಿಕೊಂಡು ಬರುತ್ತಾರೆ ಎಂದು ಅವರಿಗೆ ಸ್ವಲ್ಪ ಹೊತ್ತು ಬುದ್ಧಿ ಹೇಳಿದರು. ಅವರು ಕೈಕಟ್ಟಿ ಕೇಳಿಸಿಕೊಂಡರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದುದನ್ನು ಇಲ್ಲಿ ಬರೆದಿಡುವುದು ಬಿಟ್ಟು ಬೇರೆ ದಾರಿ ನನಗೀಗ ಉಳಿದಿಲ್ಲ.

ಎರಡು ತಿಂಗಳಲ್ಲಿ ಅಮ್ಮನ ತಲೆ ತಿಳಿಯಾಯಿತು. ಮತ್ತೆ ಮಂಗಳವಾರ, ಶುಕ್ರವಾರ ಮೆಟ್ಟಿಲಿಗೆ ಹೋದಳು, ಎಣ್ಣೆಯಿಲ್ಲದೆ, ಬರಿಯ ಬೆರಳಿಗಾಗಿ. ನಾನು ಮತ್ತೆ ಕರೆಯಲಿಲ್ಲ. ಅವಳು ಮತ್ತೆ ದಿವಾನದ ಕೆಳಗೆ ಬಂದು ಕೂರಲಿಲ್ಲ. ಕೆಡಿಸಿದ ಕೈಯನ್ನು ಇನ್ನೊಮ್ಮೆ ಚಾಚುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಧ್ಯಾಹ್ನ ಮನೆಯ ಮುಂದೆ ಕುರ್ಚಿಯಲ್ಲಿ ಕೂರಿಸಿ, ಸೀರೆ ಅಡ್ಡ ಹಿಡಿದು ಸ್ನಾನ ಮಾಡಿಸಿದರು. ಅದಕ್ಕೆ ಮುಂಚೆ ಬೇಕಾದವರು ಒಬ್ಬೊಬ್ಬರಾಗಿ ಹೋಗಿ ತಲೆಗೆ ಎಣ್ಣೆ ಮುಟ್ಟಿಸಬೇಕು, ಅದು ಅವರ ಕಡೆಯ ಪದ್ಧತಿ. ಹೆಂಗಸರು ಎಣ್ಣೆಯಲ್ಲಿ ಬೆರಳದ್ದಿ, ನೆತ್ತಿಗೆ ತಾಗಿಸಿ, ಅಳುತ್ತಾ ಬೇಗ ಹಿಂದೆ ಸರಿಯುತ್ತಿದ್ದರು. ಚೌರಿ ತೆಗೆದಿದ್ದರು. ಸಿಂಬೆ ಕೂತಿದ್ದ ಜಾಗ ಬಿಸಿಲಿಗೆ ಹೊಳೆಯುತ್ತಿತ್ತು.

ಅವರ ಸೊಸೆ, ಟೀಚರಮ್ಮ ಬನ್ನಿ ಎಂದು ಅಮ್ಮನನ್ನು ಕರೆದಳು. ಅಮ್ಮ ಬಟ್ಟಲನ್ನು ಮುಟ್ಟಲಿಲ್ಲ. ಅವರ ಹಿಂದೆ ಹೋಗಿ ನಿಂತು, ಹತ್ತೂ ಬೆರಳನ್ನು ಒಣದಾಗಿಯೇ ಆ ಬರಿಯ ನೆತ್ತಿಯ ಸುತ್ತ ಊರಿದಳು. ಊರಿ ಸುಮ್ಮನೆ ನಿಂತಳು. ಆಮೇಲೆ ಬೆರಳು ಅಲ್ಲೇ ಇತ್ತು, ಚರ್ಮ ಮಾತ್ರ ಮೆಲ್ಲಗೆ ಸರಿಯಿತು. ಯಾರೂ ಅವಸರ ಮಾಡಲಿಲ್ಲ. ಅವಳು ಅಳುತ್ತಿರಲಿಲ್ಲ, ಎದುರಿನ ಗೋಡೆ ನೋಡುತ್ತಿದ್ದಳು. ಅಮ್ಮನ ಕೈಗೆ ಇಷ್ಟು ಮೃದುತನ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಸತ್ತವರೊಬ್ಬರ ಮೇಲೆ ಹೊಟ್ಟೆಕಿಚ್ಚು ಪಡುತ್ತಾ ನಿಂತಿದ್ದೆ.

ಮನೆಗೆ ಬಂದು ತಲೆಗೆ ಸ್ನಾನ ಮಾಡಬೇಕಿತ್ತು. ಅಮ್ಮ ಮೊದಲು ಬಚ್ಚಲಿಗೆ ಹೋದಳು. ತುಂಬ ಹೊತ್ತು ನೀರಿನ ಸದ್ದಿಲ್ಲ. ಆಮೇಲೆ ಬಾಗಿಲು ಅರ್ಧ ತೆರೆದು, "ಬಾರೇ, ವಸಿ ನೀರು ಹಾಕು" ಎಂದಳು. 'ವಸಿ' ನಮ್ಮ ಮನೆಯ ಮಾತಲ್ಲ. ಅವಳಿಗೆ ಅದು ಗಮನಕ್ಕೆ ಬಂದ ಹಾಗಿರಲಿಲ್ಲ.

ಪೆಟಿಕೋಟನ್ನು ಎದೆಗೆ ಕಟ್ಟಿಕೊಂಡು ಚಿಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಹದವಾದ ನೀರು ಹಾಕಿ, ಶಾಂಪೂ ಹಚ್ಚಿ, ಬೆರಳಾಡಿಸಿದೆ.

"ಹಾಗಲ್ಲ" ಎಂದಳು. "ಅಕ್ಕ ಹೀಗೆ ಮಾಡ್ತಿರ್ಲಿಲ್ಲ."

ಮಗ್ಗನ್ನು ಅಲ್ಲೇ ಇಟ್ಟು ಹೊರಗೆ ಬರಬಹುದಿತ್ತು. ಅದೇ ನನಗೆ ಅಭ್ಯಾಸ. ಅಂದು ಯಾಕೋ ನಿಂತೆ.

"ಹೇಗೆ ಮಾಡ್ತಿದ್ರು ಅಮ್ಮ?"

ಅವಳು ಪಾಠ ಹೇಳುವವಳು, ಮೊದಲು ಮಾತಿನಲ್ಲಿ ಹೇಳಲು ನೋಡಿದಳು. ಬೆರಳು ಸರಿಯಬಾರದು, ಒತ್ತಬೇಕು ಆದರೆ ಒತ್ತಬಾರದು, ಎಂದು ಏನೇನೋ ಹೇಳಿ ತಾನೇ ನಿಲ್ಲಿಸಿದಳು. ಮುಖದ ನೊರೆ ಒರೆಸಿಕೊಂಡು ಎದ್ದು, "ಕೂತ್ಕೋ" ಎಂದು ಸ್ಟೂಲನ್ನು ನನ್ನ ಕಡೆ ಸರಿಸಿದಳು.

ಕೂತೆ. ಅವಳ ಕೈ ನನ್ನ ತಲೆಯ ಮೇಲೆ, ತಾಗದೆ, ಒಂದು ಗೇಣು ಎತ್ತರದಲ್ಲಿ ನಿಂತಿದ್ದು ನನಗೆ ತಿಳಿಯುತ್ತಿತ್ತು. ಬೆರಳ ತುದಿಯಿಂದ ನೀರು ಬೈತಲೆಗೆ ತೊಟ್ಟಿಕ್ಕುತ್ತಿತ್ತು.

"ನೋವಾದ್ರೆ ಹೇಳು."

"ಊಂ."

ಹತ್ತು ಬೆರಳು ಬಂದು ಊರಿದವು. ಅಲ್ಲೇ ಇದ್ದವು. ಚರ್ಮ ಸರಿಯಿತು, ನೆತ್ತಿಯಲ್ಲಿ, ಕಿವಿಯ ಮೇಲೆ, ಕೂದಲು ತೆಳುವಾಗಿರುವ ಆ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು. ನೀರು ತಣ್ಣಗಾಗುತ್ತಿತ್ತು.

"ಗೊತ್ತಾಯ್ತಾ?" ಎಂದಳು.

ಗೊತ್ತಾಗಿತ್ತು.

"ಇಲ್ಲ ಅಮ್ಮ" ಎಂದೆ. "ಇನ್ನೊಂದ್ಸಲ ತೋರ್ಸು."